ಮುಳುಗುವ ಮುನ್ನ ಅರ್ಜಿ ಸಲ್ಲಿಸತಕ್ಕದ್ದು

ಸಮುದ್ರಕ್ಕೆ ಕಾನೂನಿನ ಅರಿವಿಲ್ಲದಿರುವುದೇ ಈ ಶತಮಾನದ ಬಹುದೊಡ್ಡ ಆಡಳಿತಾತ್ಮಕ ತೊಡಕು. ಹವಾಮಾನ ಬದಲಾವಣೆಯಿಂದಾಗುವ ಸ್ಥಳಾಂತರ, ವಲಸೆ ಮತ್ತು ಯೋಜಿತ ಪುನರ್ವಸತಿಯ ವಿಷಯದಲ್ಲಿ ತಿಳಿವಳಿಕೆ, ಸಮನ್ವಯ ಹಾಗೂ ಸಹಕಾರವನ್ನು ಹೆಚ್ಚಿಸಿಕೊಳ್ಳಬೇಕೆಂದು ವಿಶ್ವದ ಸರ್ಕಾರಗಳು 2010ರಲ್ಲಿಯೇ ಮೆಕ್ಸಿಕೊದ ಕ್ಯಾನ್‌ಕುನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಒಪ್ಪಿಕೊಂಡಿದ್ದವು. ಅಂದಿನಿಂದ ತಿಳಿವಳಿಕೆಯಂತೂ ಹೆಚ್ಚುತ್ತಲೇ ಇದೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆಂದೇ ಒಂದು ಕಾರ್ಯಪಡೆ ಆಗಬೇಕೆಂದು ತೀರ್ಮಾನವಾಯಿತು. 2018ರಲ್ಲಿ ಮರಾಕೇಶ್‌ನಲ್ಲಿ ಅಂಗೀಕಾರವಾದ ವಲಸೆಯ ಜಾಗತಿಕ ಒಡಂಬಡಿಕೆಯು ಹವಾಮಾನದ ಮಾತನ್ನೂ ಧಾರಾಳವಾಗಿ ಆಡಿ, ತಾನು ಯಾರನ್ನೂ ಕಾನೂನಿನ ಕಟ್ಟಿಗೆ ಒಳಪಡಿಸುವುದಿಲ್ಲವೆಂದು ಪೀಠಿಕೆಯಲ್ಲಿಯೇ ಅಭಯ ನೀಡಿತು.

ಊರು ಬಿಟ್ಟು ಹೊರಡುವುದೂ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಒಂದು ಬಗೆಯೇ ಎಂಬುದನ್ನು ಈಗ ಯಾವ ಸಮ್ಮೇಳನವೂ ಅಲ್ಲಗಳೆಯುವುದಿಲ್ಲ. ಹಾಗೆ ಹೊರಟವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮಾತ್ರ ಮುಂದಿನ ಸಮ್ಮೇಳನಕ್ಕೆ ಹೋಗುತ್ತದೆ. 1951ರ ನಿರಾಶ್ರಿತರ ಒಪ್ಪಂದದ ಬಾಗಿಲು ತಟ್ಟೋಣವೆಂದರೆ, ಅಲ್ಲಿ ಆಶ್ರಯ ಬೇಡುವವನು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯವಿದೆಯೆಂದು ತೋರಿಸಿಕೊಡಬೇಕು. ಸಮುದ್ರವಾದರೋ ಎಲ್ಲ ಧರ್ಮದವರ ಅಂಗಳಕ್ಕೂ ಭೇದಭಾವವಿಲ್ಲದೆ ನುಗ್ಗುತ್ತದೆ. ಅದರ ಈ ಸಮದರ್ಶಿತ್ವವೇ ಅರ್ಜಿದಾರನ ಪಾಲಿಗೆ ಮುಳುವಾಗುತ್ತದೆ.

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರವಾದ ಕಿರಿಬಾಟಿಯ ಒಬ್ಬ ಪ್ರಜೆ ಆದರೂ ಪ್ರಯತ್ನಿಸಿದ. ನ್ಯೂಜಿಲೆಂಡಿನ ಸುಪ್ರೀಂ ಕೋರ್ಟು 2015ರಲ್ಲಿ ಅವನ ಮನವಿಯನ್ನು ತಳ್ಳಿಹಾಕಿತು, ಅವನನ್ನು ಅದೇ ವರ್ಷ ದ್ವೀಪಕ್ಕೆ ವಾಪಸು ಕಳುಹಿಸಲಾಯಿತು. ಪ್ರಕರಣವು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮುಂದೆ ಹೋದಾಗ, 2020ರ ಜನವರಿಯಲ್ಲಿ ಪ್ರಕಟವಾದ ಅದರ ಅಭಿಪ್ರಾಯವು, ಹವಾಮಾನದ ಪರಿಣಾಮದಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಯಾರನ್ನಾದರೂ ಮರಳಿ ಕಳುಹಿಸುವುದು ತಾತ್ವಿಕವಾಗಿ ತಪ್ಪಾಗಬಹುದೆಂದು ಒಪ್ಪಿಕೊಂಡಿತು. ಆದರೆ ದ್ವೀಪವು ವಾಸಯೋಗ್ಯವಲ್ಲದಂತಾಗಲು ಇನ್ನೂ 10ರಿಂದ 15 ವರ್ಷಗಳಿದ್ದು, ಅಷ್ಟರೊಳಗೆ ಕಿರಿಬಾಟಿಯು ಅಂತರರಾಷ್ಟ್ರೀಯ ಸಮುದಾಯದ ನೆರವಿನಿಂದ ಏನಾದರೂ ಕ್ರಮ ಕೈಗೊಳ್ಳಲು ಅವಕಾಶವಿದೆಯೆಂದು ಹೇಳಿ ಅವನ ದೂರನ್ನು ಎತ್ತಿಹಿಡಿಯಲಿಲ್ಲ. ನೀರು ಮೊಣಕಾಲಿಗೆ ಬಂದಾಗ ಅರ್ಜಿ ಹಾಕಿದರೆ ಅವಸರವಾಯಿತು, ಮೂಗಿಗೆ ಬಂದಾಗ ಹಾಕುತ್ತೇನೆಂದರೆ ಸಹಿ ಮಾಡಲು ಕೈ ಮೇಲಿರಬೇಕು.

ಇವೆಲ್ಲಕ್ಕಿಂತ ಉದಾರವಾದ ವ್ಯವಸ್ಥೆಯೆಂದರೆ ಪೆಸಿಫಿಕ್‌ನ ಇನ್ನೊಂದು ಪುಟ್ಟ ದ್ವೀಪರಾಷ್ಟ್ರವಾದ ಟುವಾಲು ಮತ್ತು ಆಸ್ಟ್ರೇಲಿಯಾ 2023ರಲ್ಲಿ ಸಹಿ ಹಾಕಿದ ಫಲೆಪಿಲಿ ಒಪ್ಪಂದ. ವರ್ಷಕ್ಕೆ 280 ಮಂದಿ ಟುವಾಲು ಪ್ರಜೆಗಳು ಆಸ್ಟ್ರೇಲಿಯಾದಲ್ಲಿ ಶಾಶ್ವತವಾಗಿ ನೆಲೆಸಬಹುದು, ದುಡಿಯಬಹುದು, ಓದಬಹುದು. ಇದು ನಿಜಕ್ಕೂ ಒಳ್ಳೆಯದೇ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ 280 ಮಂದಿ ಯಾರೆಂಬುದನ್ನು ನಿರ್ಧರಿಸುವುದು ಮಾತ್ರ ಲಾಟರಿ. ಹದಿನೆಂಟು ತುಂಬಿದವರು 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಹೆಸರು ನೋಂದಾಯಿಸಬೇಕು, ಕಂಪ್ಯೂಟರು ಕಣ್ಣು ಮುಚ್ಚಿಕೊಂಡು ಚೀಟಿ ಎತ್ತುತ್ತದೆ. 2025ರ ಮೊದಲ ಸುತ್ತಿನಲ್ಲಿ, ಸುಮಾರು ಹತ್ತು ಸಾವಿರ ಜನರಿರುವ ಆ ದೇಶದಲ್ಲಿ, ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ನೋಂದಣಿಯಾದವು. ಇದೇ ವೇಗದಲ್ಲಿ ಸಾಗಿದರೆ ಅವರೆಲ್ಲರೂ ದಾಟಲು 28 ವರ್ಷಗಳಾದರೂ ಬೇಕು. ಸಮುದ್ರವು ಕೊಂಚ ಸಹಕರಿಸಬೇಕು. ಇದಕ್ಕೆ ಪ್ರತಿಯಾಗಿ ಟುವಾಲು ಇತರ ಯಾವುದೇ ದೇಶದೊಂದಿಗೆ ಭದ್ರತಾ ಒಪ್ಪಂದ ಮಾಡಿಕೊಳ್ಳುವ ಮುನ್ನ ಆಸ್ಟ್ರೇಲಿಯಾದ ಸಮ್ಮತಿ ಪಡೆಯಬೇಕು. ಆ ಆಸ್ಟ್ರೇಲಿಯಾ ಜಗತ್ತಿಗೆ ಕಲ್ಲಿದ್ದಲು ಮಾರುವ ಪ್ರಮುಖ ದೇಶಗಳಲ್ಲೊಂದು. ಆ ವ್ಯಾಪಾರಕ್ಕೆ ಟುವಾಲುವಿನ ಸಮ್ಮತಿ ಬೇಕೆಂಬ ಕಲಮನ್ನು ಸೇರಿಸಲು ಯಾರಿಗೂ ನೆನಪಾದಂತಿಲ್ಲ.

ಗಡಿಗಳಲ್ಲಿ ಇಷ್ಟೆಲ್ಲ ಕಾವಲಿದ್ದರೂ, ಹವಾಮಾನದಿಂದ ಕದಲುವವರಲ್ಲಿ ಹೆಚ್ಚಿನವರು ಗಡಿಯ ಕಡೆಗೆ ಬರುವುದೇ ಇಲ್ಲ. 2050ರ ವೇಳೆಗೆ 21.6 ಕೋಟಿ ಜನರವರೆಗೆ ತಮ್ಮದೇ ದೇಶಗಳೊಳಗೆ ನೆಲೆ ಬದಲಿಸಬೇಕಾಗಬಹುದೆಂದು ವಿಶ್ವ ಬ್ಯಾಂಕು 2021ರಲ್ಲಿ ಅಂದಾಜು ಮಾಡಿತು. ಅವರಿಗೂ ಹಿಂದೆ ಇನ್ನೊಂದು ವರ್ಗವಿದೆ: ಹೋಗಬೇಕೆಂದಿದ್ದರೂ ಬಸ್ಸಿನ ಚಾರ್ಜಿಗೆ ದುಡ್ಡಿಲ್ಲದೆ, ಹೋದಲ್ಲಿ ಗುರುತಿನವರೂ ಇಲ್ಲದೆ, ಬಿದ್ದ ಗೋಡೆಯ ಪಕ್ಕದಲ್ಲಿಯೇ ಉಳಿದವರು. ಆಡಳಿತದ ದೃಷ್ಟಿಯಿಂದ ಇವರಷ್ಟು ಶಿಸ್ತಿನ ಪ್ರಜೆಗಳು ಬೇರಿಲ್ಲ. ಇವರು ವೀಸಾ ಕೇಳುವುದಿಲ್ಲ, ಕೋರ್ಟಿಗೆ ಹೋಗುವುದಿಲ್ಲ, ಚೀಟಿ ಎತ್ತುವ ಸಾಲಿನಲ್ಲಿ ನೂಕುನುಗ್ಗಲು ಮಾಡುವುದಿಲ್ಲ, ಮತ್ತು ಇವರಿಗಾಗಿ ಯಾವ ನಮೂನೆಯನ್ನೂ ಅಚ್ಚು ಹಾಕಿಸುವ ಅಗತ್ಯ ಇದುವರೆಗೆ ಬಿದ್ದಿಲ್ಲ.