ಪೇಟೆಗೆ ಬಂದು ಇರಲಿ ಅನ್ನುವವರಿಗೆ

ನಿನ್ನೆ ಮೆಲ್ಬರ್ನ್‌ನಲ್ಲಿ ಗೆಳೆಯರ ಗೃಹಪ್ರವೇಶ. ಊಟಕ್ಕೆ ಪಕ್ಕದಲ್ಲಿ ಕೂತವರು ಇಲ್ಲಿನ ಮೂಲನಿವಾಸಿಗಳ ಬಗ್ಗೆ ಅಂದರು: “ಈ ಅಬೊರಿಜಿನಲ್ ಜನ ಮರುಭೂಮಿಯಲ್ಲೇ ಯಾಕಿರಬೇಕು? ಪೇಟೆಗೆ ಬಂದು ಇರಲಿ. ನಮ್ಮ ಟ್ಯಾಕ್ಸ್ ದುಡ್ಡು ಅಲ್ಲಿಗ್ಯಾಕೆ ಸುರೀಬೇಕು?” ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಬ್ಬರ ಮನೆಯ ಶುಭಕಾರ್ಯ ಅಂತ ಸುಮ್ಮನಿದ್ದೆ. ರಾತ್ರಿ ನಿದ್ದೆ ಬರಲಿಲ್ಲ.

ಪೇಟೆಗೆ ಬರಲಿ! ಬಂದಿದ್ದರಲ್ಲ. ಆಸ್ಟ್ರೇಲಿಯಾದ ನಡುಮಧ್ಯದ ಪೇಟೆ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ 500 ಕಿ.ಮೀ.ಗೂ ಆಚೆ ಕಿಂಟೋರ್ ಅಂತ ಪಿಂಟುಪಿ ಅನ್ನುವ ಅಬೊರಿಜಿನಲ್ ಜನರ ಊರಿದೆ. ಅಲ್ಲಿ ಕಿಡ್ನಿ ಕೈಕೊಟ್ಟವರು ಡಯಾಲಿಸಿಸ್‌ಗಾಗಿ ಆಲಿಸ್‌ಗೆ ಬಂದು ಇದ್ದುಬಿಡಬೇಕಿತ್ತು. ವಾರಕ್ಕೆ ಮೂರು ಸಲ, ಬದುಕಿರುವಷ್ಟು ದಿನ. ನೆಲದ ಕಥೆ, ಹಾಡು, ಆಚರಣೆ ಬಲ್ಲ ಹಿರಿಯರೇ ಹೀಗೆ ಹೊರಟುಹೋದರೆ ಮಕ್ಕಳಿಗೆ ಹೇಳಿಕೊಡುವವರು ಯಾರು?

ಆ ಜನ ಏನು ಮಾಡಿದರು ಗೊತ್ತೇ? ಕಿಂಟೋರ್ ಮತ್ತು ಅದರಾಚೆಯ ಕಿವಿರ್ಕುರಾ ಊರಿನ ಕಲಾವಿದರು ಒಟ್ಟಿಗೆ ಕೂತು ದೊಡ್ಡ ಕ್ಯಾನ್ವಾಸುಗಳ ಮೇಲೆ ಚಿತ್ರ ಬರೆದರು. 2000ದಲ್ಲಿ ಸಿಡ್ನಿಯಲ್ಲಿ ಹರಾಜಾಯಿತು, 10 ಲಕ್ಷ ಡಾಲರಿಗೂ ಹೆಚ್ಚು ಬಂತು. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರುವಾಯಿತು. ಇವತ್ತಿನ ‘ಪರ್ಪಲ್ ಹೌಸ್’ ಅನ್ನುವ ಸಂಸ್ಥೆ ಹುಟ್ಟಿದ್ದು ಹೀಗೆ. ಆಡಳಿತ ಮಂಡಳಿಯಲ್ಲಿರುವವರು ಅವರೇ. ಕಾಡುಗಿಡಗಳ ಮುಲಾಮು ಮಾಡಿ ಮಾರುತ್ತಾರೆ. 2011ರಿಂದ ಯಂತ್ರ ಹೊತ್ತ ನೇರಳೆ ಲಾರಿಯೊಂದು ಊರೂರು ಸುತ್ತುತ್ತಿದೆ. ದೂರದೂರುಗಳ ಡಯಾಲಿಸಿಸ್‌ಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಪ್ರತ್ಯೇಕವಾಗಿ ಹಣ ಕೊಡಲು ಶುರುಮಾಡಿದ್ದು 2018ರಲ್ಲಿ. ಹದಿನಾಲ್ಕು ವರ್ಷ ತಡವಾಗಿ. ಮೊದಲು ಬಂದ ದುಡ್ಡು ಅವರದೇ ಕುಂಚದ್ದು.

ಖರ್ಚು ಜಾಸ್ತಿ ಅಂತೀರಿ. ಹೌದು, ಯಂತ್ರ, ಔಷಧ, ನರ್ಸ್ ಎಲ್ಲ ಅಷ್ಟು ದೂರ ಹೋಗಬೇಕು. ಆದರೆ ಊರಿನ ಹಂಬಲಕ್ಕೆ ಡಯಾಲಿಸಿಸ್ ತಪ್ಪಿಸಿ ಮನೆಗೆ ಹೋದವರನ್ನು ವಿಮಾನದಲ್ಲಿ ಆಸ್ಪತ್ರೆಗೆ ತರುವುದೇನು ಪುಕ್ಕಟೆಯೇ? ಆ ಹಂಬಲಕ್ಕೆ ಸತ್ತವರ ಲೆಕ್ಕ ಯಾವ ಬಜೆಟ್ಟಿನಲ್ಲಿ ಬರೆಯುತ್ತೀರಿ?

ನನಗೆ ಯಾಕಿಷ್ಟು ಸಿಟ್ಟು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಪ್ಪಯ್ಯನಿಗೆ ಡಯಾಲಿಸಿಸ್ ಶುರುವಾದಾಗ ತೀರ್ಥಹಳ್ಳಿ ಕಡೆಯ ಮನೆ ಬಿಡಿಸಿ ಶಿವಮೊಗ್ಗದಲ್ಲಿ ರೂಮು ಮಾಡಿಕೊಟ್ಟವನು ನಾನೇ. “ಪೇಟೆಯಲ್ಲೇ ಇರಿ ಅಪ್ಪಯ್ಯ, ಅನುಕೂಲ” ಅಂದಿದ್ದೆ. ದಿನಾ ಸಂಜೆ ಫೋನ್ ಮಾಡಿದರೆ ಕೇಳುತ್ತಿದ್ದುದು ಒಂದೇ: “ತೋಟಕ್ಕೆ ನೀರು ಬಿಟ್ರಾ?” ಆ ವರ್ಷದ ಅಡಿಕೆ ಕೊನೆಕೊಯ್ಲು ಅವರು ನೋಡಲಿಲ್ಲ. ಆ ರೂಮಿನಲ್ಲೇ ಹೋದರು.

ನಿನ್ನೆ ಮಾತಾಡಿದವರು ಈ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ಓದಲಿ. ಜಗಳ ಆಡಬೇಕು ಅನ್ನಿಸಿದರೆ ಫೋನ್ ಮಾಡಲಿ, ನಾನು ಎದ್ದೇ ಇರುತ್ತೇನೆ.