ಅಡಿಸ್ ಅಬಾಬಾಗೆ ಸೆಪ್ಟೆಂಬರ್ ಬೇಡ ಅನ್ನಬೇಡಿ

ಸೆಪ್ಟೆಂಬರ್‌ನಲ್ಲಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಕಡೆ ತಲೆ ಹಾಕಬೇಡಿ, ಅಕ್ಟೋಬರ್‌ವರೆಗೆ ಕಾಯಿರಿ ಅಂತ ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸರಿ. ಅಲ್ಲಿನ ಮಳೆಗಾಲ, ಕಿರೆಮ್ತ್, ಜುಲೈ ಆಗಸ್ಟ್‌ನಲ್ಲಿ ಜೋರಾಗಿದ್ದು ಸೆಪ್ಟೆಂಬರ್ ಕೊನೆಗೆ ಇಳಿಯುತ್ತಾ ಬರುತ್ತದೆ. ಆಗ ಬೆಳಿಗ್ಗೆ ಒಳ್ಳೇ ಬಿಸಿಲಿದ್ದು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ರಪರಪ ಅಂತ ಒಂದು ಮಳೆ ಹೊಡೆದು ಹೋಗುವುದೇ ಜಾಸ್ತಿ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಎಂಟೊಟೊ ಬೆಟ್ಟ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ನ್ಯಾಷನಲ್ ಮ್ಯೂಸಿಯಂ ಇಟ್ಟುಕೊಂಡರೆ ಆಯ್ತು. ಅದಕ್ಕಾಗಿ ಇಡೀ ತಿಂಗಳನ್ನೇ ಬಿಡಬೇಕಾ?

ಸೆಪ್ಟೆಂಬರ್ 27ಕ್ಕೆ (ಕೆಲವು ವರ್ಷ 28ಕ್ಕೆ) ಮೆಸ್ಕೆಲ್, ಅಂದರೆ ಅಲ್ಲಿನ ಕ್ರೈಸ್ತರ ಶಿಲುಬೆ ಹಬ್ಬ ಬೇರೆ. ಹಿಂದಿನ ಸಂಜೆ ಮೆಸ್ಕೆಲ್ ಚೌಕದಲ್ಲಿ ಸೌದೆ ರಾಶಿ ಹಾಕಿ, ಮೇಲೆ ಹಳದಿ ಹೂವು ಕಟ್ಟಿ ಬೆಂಕಿ ಹಚ್ಚುತ್ತಾರೆ. ಆ ಹೂವು ಸುತ್ತಲಿನ ಬೆಟ್ಟದಲ್ಲಿ ಅರಳೋದೇ ಮಳೆ ಬಿಡುವ ಈ ಸಮಯದಲ್ಲಿ. ಅಕ್ಟೋಬರ್ ಕೊನೆಗೆ ಹೋದರೆ ಇದ್ಯಾವುದೂ ಸಿಗಲ್ಲ.

ಬಟ್ಟೆ ವಿಷಯ ನೀವು ಹೇಳಲೇ ಇಲ್ಲ. ಊರು ಇರೋದು ಸುಮಾರು 2,350 ಮೀಟರ್ ಎತ್ತರದಲ್ಲಿ. ಆಫ್ರಿಕಾ ಅಂತ ಸುಮ್ನೆ ತೆಳು ಬಟ್ಟೆ ತುಂಬಿಕೊಂಡು ಹೋದವರು ರಾತ್ರಿ ನಡುಗುತ್ತಾರೆ. ಮಳೆಗಾಲ ಮುಗಿದ ಮೇಲಂತೂ ಚಳಿ ಇನ್ನೂ ಜಾಸ್ತಿ, ಯಾಕಂದ್ರೆ ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಬೇಗ ಹೋಗಿಬಿಡುತ್ತದೆ. ಹಗಲಲ್ಲಿ ಅದೇ ಎತ್ತರದ ಬಿಸಿಲು ಚರ್ಮ ಸುಡುತ್ತದೆ, ಟೋಪಿ ಇರಲಿ.

ಇನ್ನೊಂದು, ಅಲ್ಲಿ ಗಂಟೆ ಲೆಕ್ಕ ಶುರುವಾಗೋದು ಬೆಳಿಗ್ಗೆ ಆರಕ್ಕೆ. ಡ್ರೈವರ್ ಎರಡು ಗಂಟೆಗೆ ಬರ್ತೀನಿ ಅಂದರೆ ನಮ್ಮ ಎಂಟು ಗಂಟೆ ಇರಬಹುದು, ಕೇಳಿ ಖಾತ್ರಿ ಮಾಡಿಕೊಳ್ಳಿ.