ಗಾಲಿಗೆ ಕೈ ಮುಗಿದದ್ದು

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇತರರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ರಜೆ ಹಾಕಿ ಊರಿಗೆ ಹೋದರೂ ಈ ಉದ್ಯೋಗದ ಚಾಳಿ ಬೆನ್ನು ಬಿಡುವುದಿಲ್ಲ. ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡಲು ಮೂರು ದಿನ ಮೊದಲೇ ಧಾರವಾಡದ ಹತ್ತಿರದ ನಮ್ಮ ಹಳ್ಳಿಗೆ ಬಂದಿಳಿದ ನಾನು, ಹಿತ್ತಲಿನಲ್ಲಿ ಮೂಗು ನೆಲಕ್ಕೂರಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರನ್ನು ಕಂಡೊಡನೆ ಜೇಬಿನಿಂದ ಪೆನ್ನು ಹೊರತೆಗೆದೆ.

ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧವೆಂದು ನಾನು ಫೋನಿನಲ್ಲಿಯೇ ಹಟ ಹಿಡಿದಿದ್ದರಿಂದ, ಮನೆಮಂದಿಯೆಲ್ಲ ಬಸ್ಸಿನಲ್ಲಿ, ಗುಡ್ಡದ ಮೇಲೆ ಬೇಯಿಸಿ ಉಣ್ಣಲು ಬೇಕಾದ ಸಾಮಾನು ಟ್ರೇಲರಿನಲ್ಲಿ, ಅದರ ಬೆನ್ನಿಗೆ ಬೈಕಿನಲ್ಲಿ ನಾನು ಎಂದು ತೀರ್ಮಾನವಾಗಿತ್ತು. ಟ್ರ್ಯಾಕ್ಟರು ನಡೆಸುವ ಕಾಕಾನಿಗೆ ಈ ವ್ಯವಸ್ಥೆ ಒಪ್ಪಿಗೆಯಾದರೂ ನನ್ನ ತಪಾಸಣೆಯ ಪಟ್ಟಿ ಮಾತ್ರ ಅರ್ಥವಾಗಲಿಲ್ಲ. ಅವನ ಅಪ್ಪನ ಕಾಲದಲ್ಲಿ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಬಿಟ್ಟು, ಎತ್ತುಗಳ ಕೋಡಿಗೆ ಬಣ್ಣ ಬಳಿದರೆ ಯಾತ್ರೆಯ ಸಿದ್ಧತೆ ಮುಗಿಯುತ್ತಿತ್ತಂತೆ. ನನ್ನ ಪಟ್ಟಿಯಲ್ಲಿ 23 ಅಂಶಗಳಿದ್ದವು.

ಮೊದಲು ಟೈರುಗಳನ್ನು ನೋಡಿದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲಿನ ಎರಡು ಅದು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಎಡಗಡೆಯ ಟೈರಿನ ಮಣ್ಣು ಒರೆಸಿ ನೋಡಿದರೆ 3211 ಎಂದಿತ್ತು. ಇದು 2011ನೆಯ ಇಸವಿಯ 32ನೆಯ ವಾರದ್ದು, ಅಂದರೆ ಆಗಸ್ಟ್ ತಿಂಗಳಿನದು, ಹಲ್ಲು ಸವೆಯದಿದ್ದರೂ ರಬ್ಬರು ಮುಪ್ಪಾಗಿ ಬಿರುಕು ಬಿಟ್ಟಿದೆ ಎಂದು ಕಾಕಾನಿಗೆ ವಿವರಿಸಿದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, “ಶ್ರಾವಣದಾಗ ಹುಟ್ಟೇತಿ, ಚಲೋ ನಕ್ಷತ್ರನ ಇರಬೇಕು ತಮ್ಮಾ” ಎಂದನು. ಆದರೂ ಧಾರವಾಡಕ್ಕೆ ಹೋಗಿ ಹೊಸ ಟೈರು ತಂದೆವು. ಆ ವಿಷಯದಲ್ಲಿ ನಾನು ಮಾಡಿದ್ದೇ ಸರಿ ಎಂಬ ಅಭಿಪ್ರಾಯ ನನಗೆ ಇಂದಿಗೂ ಇದೆ.

ಬೇರಿಂಗಿನ ವಿಷಯದಲ್ಲಿ ಅಷ್ಟು ಧೈರ್ಯದಿಂದ ಹೇಳಲಾರೆ. ಜಾಕಿ ಕೊಟ್ಟು ಗಾಲಿಯನ್ನು ಮೇಲೆತ್ತಿ ಕೈಯಿಂದ ತಿರುಗಿಸಿದಾಗ, ಬೀಸುವ ಕಲ್ಲಿಗೆ ಗೊಂಜೋಳ ಹಾಕಿದಂತಹ ಸದ್ದು ಬಂದಿತು. ಗಾಲಿಯ ನಡುವಿನ ಗುಂಬ, ಅಂದರೆ ಹಬ್ಬನ್ನು, ಬಿಚ್ಚಿದರೆ ಒಳಗಿನ ಗ್ರೀಸು ಕಾಡಿಗೆಯಂತೆ ಕಪ್ಪಾಗಿ ಗಟ್ಟಿಯಾಗಿತ್ತು. ಬೇರಿಂಗುಗಳನ್ನು ಡೀಸೆಲಿನಲ್ಲಿ ತೊಳೆಯಬೇಕಾಗಿತ್ತು; ಅದಕ್ಕೊಂದು ಅಗಲವಾದ ಪಾತ್ರೆ ಬೇಕಾಗಿತ್ತು; ಕಟ್ಟೆಯ ಮೇಲೆ ಬಿಸಿಲಿಗೆ ಒಣಗಲು ಇಟ್ಟಿದ್ದ ಪರಾತವೊಂದು ಕಣ್ಣಿಗೆ ಬಿದ್ದಿತು. ಅರ್ಧ ಗಂಟೆಯ ನಂತರ ಹಿತ್ತಲಿಗೆ ಬಂದ ಅವ್ವ ಒಂದು ಕ್ಷಣ ಸುಮ್ಮನೆ ನಿಂತು, “ಹೋಳಿಗಿ ಕಣಕ ಇನ್ನ ನಿನ್ನ ತಲಿ ಮ್ಯಾಲ ನಾದ್ಲೇನು?” ಎಂದು ಕೇಳಿದಳು. ಬೂದಿ, ಹುಣಸೆಹಣ್ಣು, ಸೀಗೆಪುಡಿ, ಕೊನೆಗೆ ನನ್ನ ಶಾಂಪೂ ಹಾಕಿ ತಿಕ್ಕಿದರೂ ಡೀಸೆಲಿನ ವಾಸನೆ ಹೋಗದ ಕಾರಣ ಆ ವರ್ಷದ ಕಣಕವನ್ನು ಪಕ್ಕದ ಮನೆಯ ಪರಾತದಲ್ಲಿ ನಾದಲಾಯಿತು.

ಹೊಸ ಗ್ರೀಸನ್ನು ಅಂಗೈಯಲ್ಲಿ ಹಿಡಿದು ಬೇರಿಂಗಿನ ಸಂದುಸಂದಿಗೂ ಒತ್ತಿ ತುಂಬಿದೆ. ನಟ್ಟನ್ನು ಮೈಮೇಲಿನ ಬಲವೆಲ್ಲ ಹಾಕಿ ಬಿಗಿದೆ. ಗಾಲಿ ಅಲ್ಲಿಯೇ ನಿಂತುಬಿಟ್ಟಿತು. ನಮ್ಮ ಕಾರ್ಖಾನೆಯಲ್ಲಿ ಬಿಗಿಯಾಗಿರುವುದೆಲ್ಲ ಒಳ್ಳೆಯದು, ಇಲ್ಲಿ ಹಾಗಲ್ಲ. ಗಾಲಿಯ ನಟ್ಟನ್ನು ಪೂರ್ತಿ ಬಿಗಿದ ಮೇಲೆ ತುಸು ಹಿಂದಕ್ಕೆ ಸಡಿಲಿಸಿ, ಗಾಲಿ ಸಲೀಸಾಗಿ ತಿರುಗುತ್ತದೆ ಆದರೆ ಅಲ್ಲಾಡುವುದಿಲ್ಲ ಎನ್ನುವ ಹದಕ್ಕೆ ತಂದು ಪಿನ್ನು ಹಾಕಬೇಕು. ಇಲ್ಲವಾದರೆ ದಾರಿಯಲ್ಲಿ ಬೇರಿಂಗು ಕಾಯ್ದು ಸುಟ್ಟುಹೋಗುತ್ತದೆ. ಆ ಹದವನ್ನು ಕಾಕಾ ಎರಡು ಬೆರಳಿನಲ್ಲಿ ತಂದನು. ನಾನು ಪಟ್ಟಿಯಲ್ಲಿ ಅದರ ಮುಂದೆ ಸರಿ ಎಂದು ಗುರುತು ಹಾಕಿದೆ.

ದೀಪಗಳ ವೈರನ್ನು ಇಲಿಗಳು ಕಡಿದಿದ್ದವು. ನಾನು ಜೋಡಿಸಿದ ಮೇಲೆ ಎಡಕ್ಕೆ ಸನ್ನೆ ಕೊಟ್ಟರೆ ಬಲಗಡೆಯ ದೀಪ ಮಿನುಗತೊಡಗಿತು. ಬಿಚ್ಚಿ ಮತ್ತೊಮ್ಮೆ ಜೋಡಿಸಿದೆ. ಹಿಂಬಾಗಿಲಿಗೆ ಕೆಂಪು ರಿಫ್ಲೆಕ್ಟರುಗಳನ್ನೂ ಅಂಟಿಸಿದೆ. ಇದನ್ನು ಯಾರೂ ನಗೆಯಾಡಬಾರದು. ಬನದ ಹುಣ್ಣಿಮೆಯೆಂದರೆ ಕಬ್ಬು ಅರೆಯುವ ಕಾಲ. ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ಹಿಂದೊಂದು ದೀಪವೂ ಇಲ್ಲದೆ ಕತ್ತಲೆಯಲ್ಲಿ ಕತ್ತಲೆಯಾಗಿ ಸಾಗುವ ಕಬ್ಬಿನ ಟ್ರೇಲರಿಗೆ ಬೈಕು ಗುದ್ದುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದವರಲ್ಲಿ ನಾನೂ ಒಬ್ಬ.

ಹೊರಡುವ ಹಿಂದಿನ ಸಂಜೆ ಪಟ್ಟಿಯಲ್ಲಿ ಉಳಿದಿದ್ದವು ಎರಡೇ ಅಂಶಗಳು: ಟ್ರೇಲರಿನ ತಳದ ತಗಡು ಮತ್ತು ಟ್ರೇಲರನ್ನು ಟ್ರ್ಯಾಕ್ಟರಿಗೆ ಹೂಡುವ ಹುಕ್ಕಿನ ಪಿನ್ನು. ಪಿನ್ನು ಮೇಲಕ್ಕೆ ನೆಗೆದು ಬಾರದಂತೆ ಅದರ ತುದಿಯ ತೂತಿಗೆ ಒಂದು ಕ್ಲಿಪ್ಪು ಇರಬೇಕು. ನಮ್ಮದರಲ್ಲಿ ಕ್ಲಿಪ್ಪಿನ ಬದಲಿಗೆ ತುಕ್ಕು ಹಿಡಿದ ತಂತಿಯೊಂದನ್ನು ಸುತ್ತಿದ್ದರು. ನಾನು ಆ ತಂತಿಯನ್ನು ಕಿತ್ತು ತಿಪ್ಪೆಗೆ ಎಸೆದು, ಅಂಗಡಿಯಿಂದ ತಂದ ಹೊಸ ಕ್ಲಿಪ್ಪನ್ನು ಎಲ್ಲರಿಗೂ ತೋರಿಸಿ, ಟ್ರ್ಯಾಕ್ಟರು ಹೂಡುವಾಗ ಹಾಕಿದರಾಯಿತೆಂದು ಜೇಬಿಗಿಳಿಸಿ, ಪಟ್ಟಿಯಲ್ಲಿ ಮಾತ್ರ ಆಗಲೇ ಸರಿ ಎಂದು ಬರೆದುಬಿಟ್ಟೆ. ಕೆಲಸ ಮುಗಿಯುವ ಮೊದಲೇ ಸರಿ ಎಂದು ಬರೆಯುವ ಹುಡುಗರನ್ನು ಕಾರ್ಖಾನೆಯಲ್ಲಿ ನಾನು ಎದುರಿಗೆ ನಿಲ್ಲಿಸಿಕೊಂಡು ಬೈಯುತ್ತೇನೆ.

ನಂತರ ತಗಡನ್ನು ಪರೀಕ್ಷಿಸಲು ಟ್ರೇಲರು ಹತ್ತಿದೆ. ನಮ್ಮದು ಎರಡು ಗಾಲಿಯದು. ಟ್ರ್ಯಾಕ್ಟರಿಗೆ ಹೂಡದಿದ್ದಾಗ ಅದರ ಮೂಗಿಗೆ ನೆಲವೇ ಆಧಾರ. ಇಂತಹ ಟ್ರೇಲರಿನಲ್ಲಿ ಭಾರವು ಅಚ್ಚಿನಿಂದ ತುಸು ಮುಂದಕ್ಕಿರಬೇಕೆಂಬುದು ನನ್ನ ಪಟ್ಟಿಯ 19ನೆಯ ಅಂಶವಾಗಿತ್ತು. ಆದರೆ ಗುಡ್ಡದಲ್ಲಿ ಇಳಿಸಿಕೊಳ್ಳಲು ಅನುಕೂಲವಾಗಲೆಂದು ಅವ್ವ ಅಷ್ಟರಲ್ಲಿಯೇ ನೀರಿನ ಡ್ರಮ್ಮು, ಕಟ್ಟಿಗೆ, ಜೋಳದ ಹಿಟ್ಟಿನ ಚೀಲ ಎಲ್ಲವನ್ನೂ ಹಿಂಬಾಗಿಲಿನ ಅಂಚಿಗೇ ಏರಿಸಿಟ್ಟಿದ್ದಳು. ಅಲ್ಲಿಯವರೆಗೆ ಹೇಗೋ ಸಮತೋಲದಲ್ಲಿದ್ದ ಆ ಸಂಸಾರಕ್ಕೆ ನನ್ನ 78 ಕಿಲೋ ಸೇರಿದ ಕೂಡಲೇ ಟ್ರೇಲರಿನ ಮೂಗು ಮೆಲ್ಲಗೆ, ಬಹಳ ಗಾಂಭೀರ್ಯದಿಂದ, ಆಕಾಶದ ಕಡೆಗೆ ಎದ್ದಿತು. ನಾನು ಡ್ರಮ್ಮನ್ನು ತಬ್ಬಿಕೊಂಡೆ. ಡ್ರಮ್ಮು ನನ್ನನ್ನು ತಬ್ಬಿಕೊಂಡಿತು. ಇಬ್ಬರೂ ಹಿಂಬಾಗಿಲಿಗೆ ಅಪ್ಪಳಿಸಿದೆವು. ಹಿಟ್ಟಿನ ಚೀಲ ನನ್ನ ಮೇಲೆ ಬಿಚ್ಚಿಕೊಂಡಿತು. ಸದ್ದು ಕೇಳಿ ಓಡಿಬಂದ ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಗಡ ಗಟ್ಟಿ ಐತೇನ ತಮ್ಮಾ?” ಎಂದು ವಿಚಾರಿಸಿದನು. ತಗಡು ಗಟ್ಟಿಯಾಗಿತ್ತು.

ಮರುದಿನ ನಸುಕಿನಲ್ಲಿ ಹೊರಟೆವು. ಸುಮಾರು 45 ಕಿಲೋಮೀಟರಿನ ದಾರಿಯಲ್ಲಿ ನಾಲ್ಕು ಕಡೆ ಟ್ರ್ಯಾಕ್ಟರು ನಿಲ್ಲಿಸಿ, ಬೇರಿಂಗು ಕಾಯುತ್ತಿದೆಯೇ ಎಂದು ಗಾಲಿಯ ಮುಂದೆ ಕುಳಿತು ಹಬ್ಬಿಗೆ ಕೈಯ ಹಿಂಬದಿಯನ್ನು ತಾಗಿಸಿ ನೋಡಿದೆ. ಮೂರನೆಯ ಕಡೆಯಲ್ಲಿ ರಸ್ತೆ ಬದಿ ನಡೆದು ಹೊರಟಿದ್ದ ಮುದುಕಿಯೊಬ್ಬಳು ನಿಂತು, ತಾನೂ ಗಾಲಿಗೆ ಕೈ ಮುಗಿದು “ಉಧೋ” ಎಂದು ಮುಂದೆ ಹೋದಳು. ಹಬ್ಬು ಉಗುರುಬೆಚ್ಚಗಿತ್ತು. ನನಗೆ ಅಪಾರ ಹೆಮ್ಮೆಯಾಯಿತು.

ಗುಡ್ಡದಲ್ಲಿ ಜೋಗುಳಬಾವಿಯ ಸ್ನಾನ ಮುಗಿಸಿ ಬಟ್ಟೆ ಹಾಕಿಕೊಳ್ಳುವಾಗ, ಭಂಡಾರ ಕೊಳ್ಳಲು ಅವ್ವ ಚಿಲ್ಲರೆ ಕೇಳಿದಳು. ಹಿಂದಿನ ದಿನದ ಅದೇ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಚಿಲ್ಲರೆಯ ಜೊತೆಗೆ ಕ್ಲಿಪ್ಪೂ ಹೊರಬಂದಿತು.

ಆ ಗದ್ದಲದಲ್ಲಿ ಎಷ್ಟು ಜನರ ಕಾಲು ತುಳಿದೆನೋ ನೆನಪಿಲ್ಲ. ಉಬ್ಬು, ತಗ್ಗು, ಗುಡ್ಡದ ಏರು ಎಲ್ಲವೂ ಕಣ್ಣಮುಂದೆ ಹಾದುಹೋಗುತ್ತಿರಲು ಓಡಿಹೋಗಿ ಹುಕ್ಕಿಗೆ ಬಗ್ಗಿ ನೋಡಿದರೆ ಪಿನ್ನು ಅಲುಗದೆ ಕುಳಿತಿತ್ತು. ತೂತಿನಲ್ಲಿ ಅದೇ ತುಕ್ಕು ಹಿಡಿದ ತಂತಿ, ಮೂರು ಸುತ್ತು ಹೊಸೆದದ್ದು. ಟ್ರೇಲರಿನ ನೆರಳಿನಲ್ಲಿ ಮಲಗಿದ್ದ ಕಾಕಾ ಕಣ್ಣು ತೆರೆಯದೆಯೇ, “ರಾತ್ರಿ ಬ್ಯಾಟರಿ ಹಿಡದು ತಿಪ್ಪ್ಯಾಗ ಹುಡಿಕೇನಿ. ನೀ ಮಲಗಿದ್ದಿ, ಎಬ್ಬಸಲಿಲ್ಲ” ಎಂದನು.

ಕೇಳಿಸಿಕೊಂಡ ಅವ್ವ ನನ್ನ ಕೈಯಿಂದ ಕ್ಲಿಪ್ಪನ್ನು ತೆಗೆದುಕೊಂಡು ಭಂಡಾರದ ಪೊಟ್ಟಣದ ಬಾಯಿಗೆ ಸಿಕ್ಕಿಸಿದಳು. ಹಿಂದಿರುಗುವ ದಿನ ಬೇಡಿ ಅದನ್ನು ಬಿಡಿಸಿಕೊಂಡು, ಅರಿಶಿನ ಹತ್ತಿದ್ದಂತೆಯೇ ಪಿನ್ನಿಗೆ ಹಾಕಿ, ಅದರ ಮೇಲೆ ಕಾಕಾ ತನ್ನ ತಂತಿಯನ್ನೂ ಸುತ್ತಿದನು. ಪಟ್ಟಿಯನ್ನು ಅವ್ವ ಒಲೆ ಹಚ್ಚುವುದಕ್ಕೆ ಬಳಸಿದ್ದಳು.